ಪಾಪು ನಿದ್ದೆ, ಲ್ಯಾವೆಂಡರ್ ಎಣ್ಣೆ, ರಾತ್ರಿ ಎಂಟು ಗಂಟೆ

"ಮೇಡಂ, ಲ್ಯಾವೆಂಡರ್ ಎಣ್ಣೆ ಹಾಕಿದ್ರೆ ಮಗು ಬೇಗ ಮಲಗುತ್ತಂತೆ, ತರಿಸ್ಲಾ?" ಕೋಲಾರದ ನಮ್ಮ ಕ್ಲಿನಿಕ್‌ನಲ್ಲಿ ಈ ಪ್ರಶ್ನೆ ಈಗ ಜ್ವರ ಕೆಮ್ಮಿನಷ್ಟೇ ಮಾಮೂಲಿ ಆಗೋಗಿದೆ. ಮೊದ್ಲು ಬೆಂಗಳೂರಿಗೆ ಓಡಾಡೋ ಮನೆಗಳೋರು ಮಾತ್ರ ಕೇಳೋರು, ಈಗ ವೇಮಗಲ್, ಸುಗಟೂರು, ಬೇತಮಂಗಲದ ಕಡೆಯಿಂದ ಬರೋ ಅಮ್ಮಂದಿರೂ ಫೋನಲ್ಲಿ ರೀಲ್ ತೋರಿಸಿ ಇದು ಒಳ್ಳೇದಾ ಅಂತಾರೆ. ಕೇಳೋದ್ರಲ್ಲಿ ತಪ್ಪೇನಿಲ್ಲ, ರಾತ್ರಿ ಹನ್ನೆರಡಾದ್ರೂ ಮಲಗದೆ ಕುಣಿಯೋ ಮಗುನ ಇಟ್ಕೊಂಡು ಬೆಳಿಗ್ಗೆ ಐದಕ್ಕೆ ಎದ್ದು ಹಸು ಹಿಂಡಿ ಡೇರಿಗೆ ಹಾಲು ಹಾಕ್ಬೇಕಾದೋರ ಕಷ್ಟ ನಂಗೆ ಅರ್ಥ ಆಗುತ್ತೆ. ಅದಕ್ಕೇ ನಾನು ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು ಅನ್ಕೊಂಡೆ.

ನನ್ನ ಉತ್ತರ ಮೊದ್ಲೇ ಹೇಳ್ಬಿಡ್ತೀನಿ. ವಾಸನೆ ಒಂದೇ ಮಗುನ ಮಲಗ್ಸಲ್ಲ. ದಿನಾ ಒಂದೇ ಹೊತ್ತಿಗೆ, ಒಂದೇ ವರಸೆಯಲ್ಲಿ ನಡೆಯೋ ನಾಲ್ಕು ಕೆಲಸ ಮಲಗ್ಸುತ್ತೆ, ಒಳ್ಳೆ ವಾಸನೆ ಅದರ ಜೊತೆಗೆ ಇದ್ರೆ ಇರ್ಲಿ, ಇಲ್ದಿದ್ರೂ ನಷ್ಟ ಇಲ್ಲ.

ಲ್ಯಾವೆಂಡರ್ ಬಗ್ಗೆ ಜನ ಹೇಳೋದು ಪೂರ್ತಿ ಸುಳ್ಳೂ ಅಲ್ಲ. 2008ರಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಸ್ಟಡಿ ಆಯ್ತು, ಬರೀ 30 ಕೂಸುಗಳು. ಲ್ಯಾವೆಂಡರ್ ಸ್ನಾನದೆಣ್ಣೆ ಹಾಕಿದ ನೀರಲ್ಲಿ ಸ್ನಾನ ಮಾಡ್ಸಿದ ಮಕ್ಕಳು ಕಡಿಮೆ ಅತ್ರು, ಗಾಢ ನಿದ್ದೆ ಜಾಸ್ತಿ ಮಾಡಿದ್ರು ಅಂತ ಬಂತು. ಆದ್ರೆ ಅದೇ ಸ್ಟಡಿಲಿ ಇನ್ನೊಂದು ಮಾತಿದೆ, ಅದನ್ನ ಯಾವ ರೀಲ್‌ನಲ್ಲೂ ಹೇಳಲ್ಲ. ಆ ಅಮ್ಮಂದಿರೂ ಆರಾಮಾಗಿದ್ರು, ಸ್ನಾನ ಮಾಡ್ಸೋವಾಗ ಮಗುನ ಜಾಸ್ತಿ ಮುಟ್ಟಿದ್ರು, ಜಾಸ್ತಿ ನಕ್ಕಿದ್ರು. ಹಾಗಾದ್ರೆ ಮಗು ಮಲಗಿದ್ದು ಎಣ್ಣೆಯಿಂದಾನಾ, ಅಮ್ಮನ ಕೈಯಿಂದಾನಾ? ಮಾರನೇ ವರ್ಷ, 2009ರಲ್ಲಿ, 405 ತಾಯಂದಿರ ಜೊತೆ ದೊಡ್ಡದೊಂದು ಸ್ಟಡಿ ಬಂತು, ಏಳು ತಿಂಗಳಿಂದ ಮೂರು ವರ್ಷದೊಳಗಿನ ಮಕ್ಕಳು. ಅವ್ರಿಗೆ ಹೇಳಿದ್ದು ಇಷ್ಟೇ, ರಾತ್ರಿ ಸ್ನಾನ, ಆಮೇಲೆ ಮೈಗೆ ಲೋಷನ್ ಹಚ್ಚೋದೋ ಮಸಾಜ್ ಮಾಡೋದೋ, ಆಮೇಲೆ ಮುದ್ದು ಮಾಡೋದೋ ಜೋಗುಳ ಹಾಡೋದೋ, ಅರ್ಧ ಗಂಟೆಯೊಳಗೆ ಲೈಟ್ ಆಫ್. ಎರಡೇ ವಾರದಲ್ಲಿ ಮಕ್ಕಳು ಬೇಗ ಮಲಗೋಕೆ ಶುರು ಮಾಡಿದ್ರು, ಮಧ್ಯ ಎದ್ದೇಳೋದು ಕಮ್ಮಿ ಆಯ್ತು, ಅಮ್ಮಂದಿರ ಮನಸ್ಸೂ ಹಗುರ ಆಯ್ತು. ಎರಡು ಸ್ಟಡಿಗೂ ಬೇಬಿ ಪ್ರಾಡಕ್ಟ್ ಮಾರೋ ಕಂಪನಿಯ ದುಡ್ಡಿತ್ತು ಅನ್ನೋದು ಗೊತ್ತಿರ್ಲಿ, ಆದ್ರೆ ದಿನಚರಿ ವಿಷ್ಯ ಮಾತ್ರ ಆಮೇಲೆ ಬೇರೆಬೇರೆ ಕಡೆ ನಡೆದ ಸ್ಟಡಿಗಳಲ್ಲೂ ನಿಂತ್ಕೊಂಡಿದೆ, ನನ್ನ ಟೇಬಲ್ ಮುಂದೆ ಕೂರೋ ಮನೆಗಳಲ್ಲೂ ನಾನು ನೋಡ್ತಿರೋದು ಅದನ್ನೇ.

ಯಾಕೆ ಹೀಗೆ ಅಂದ್ರೆ, ಮಗು ಒಂದೇ ಸಮ ನಿದ್ದೆ ಮಾಡಲ್ಲ. ಗಂಟೆಗೋ ಒಂದೂವರೆ ಗಂಟೆಗೋ ಒಂದ್ಸಲ ನಿದ್ದೆ ತೆಳ್ಳಗಾಗಿ ಅರೆ ಎಚ್ಚರ ಆಗುತ್ತೆ, ನಮಗೂ ಆಗುತ್ತೆ, ಮಗ್ಗುಲು ಬದಲಾಯಿಸಿ ಮತ್ತೆ ಮಲಗ್ತೀವಿ. ಮಗು ಆ ಹೊತ್ತಲ್ಲಿ ಕಣ್ಣು ಬಿಟ್ಟು ನೋಡಿದಾಗ, ತಾನು ನಿದ್ದೆಗೆ ಜಾರುವಾಗ ಏನಿತ್ತೋ ಅದೇ ಇರ್ಬೇಕು. ಜೋಲಿ ತೂಗ್ತಾ ಮಲಗಿದ್ರೆ ಜೋಲಿ ತೂಗ್ಲೇಬೇಕು, ಫೋನ್ ನೋಡ್ತಾ ಮಲಗಿದ್ರೆ ರಾತ್ರಿ ಎರಡು ಗಂಟೆಗೂ ಫೋನ್ ಬೇಕು, ಎಣ್ಣೆ ವಾಸನೆ ರೂಮೆಲ್ಲಾ ಹರಡೋ ಡಿಫ್ಯೂಸರ್, ಅದೂ ಬೆಳಿಗ್ಗೆವರೆಗೂ ಉರಿಯದ್ದು, ಹಚ್ಚಿ ಮಲಗ್ಸಿದ್ರೆ ಆ ಕಥೆನೂ ಅಷ್ಟೇ. ಅದಕ್ಕೆ ನಾನು ಹೇಳೋದು, ಮಗು ಪೂರ್ತಿ ನಿದ್ದೆ ಹೋಗೋಕೆ ಮುಂಚೆನೇ, ಕಣ್ಣು ಕೂರ್ತಾ ಇರೋವಾಗ್ಲೇ ಅದರ ಜಾಗದಲ್ಲಿ ಮಲಗ್ಸಿ ಪಕ್ಕದಲ್ಲಿರಿ.

ವಾಸನೆ ಬೇಕು ಅಂತಿದ್ರೆ ನಿಮ್ಮನೇಲೇ ಇದೆ. ಹುಟ್ಟಿದ ಕೂಸು ಕೂಡ ಅಮ್ಮನ ಮೈ ವಾಸನೆ ಗುರುತು ಹಿಡಿದು ಸಮಾಧಾನ ಆಗುತ್ತೆ, ಇದು ಚೆನ್ನಾಗಿ ಗೊತ್ತಿರೋ ವಿಷ್ಯ. ದಿನಾ ರಾತ್ರಿ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚೋ ಅಭ್ಯಾಸ ಇದ್ರೆ, ಹದಿನೈದು ದಿನದಲ್ಲಿ ಆ ಎಣ್ಣೆ ವಾಸನೆನೇ ಮಗುಗೆ "ಇನ್ನು ಮಲಗೋ ಹೊತ್ತು" ಅಂತ ಆಗೋಗುತ್ತೆ. ಅದಕ್ಕೆ ಐನೂರು ರೂಪಾಯಿ ಬಾಟಲಿ ಬೇಡ. ಅಗ್ಗದ ಬಾಟಲಿಗಳಲ್ಲಂತೂ ಎಷ್ಟೋ ಸಲ ನಿಜವಾದ ಲ್ಯಾವೆಂಡರ್ ಇರೋದೇ ಇಲ್ಲ, ಬರೀ ಸೆಂಟು.

ಈಗ ನಂಗೆ ನಿಜವಾಗ್ಲೂ ಭಯ ಆಗೋ ವಿಷ್ಯಕ್ಕೆ ಬರ್ತೀನಿ. ಎಸೆನ್ಶಿಯಲ್ ಆಯಿಲ್ ಅಂದ್ರೆ ಅಡುಗೆಮನೆ ಎಣ್ಣೆ ಥರ ಅಲ್ಲ, ರಾಶಿ ಹೂವು ಎಲೆನ ಬಟ್ಟಿ ಇಳಿಸಿ ತೆಗೆದ ಗಟ್ಟಿ ಸಾರ. ಒಬ್ಬ ಅಮ್ಮ ಬ್ಯಾಗಿಂದ ತೆಗೆದು ನನ್ನ ಟೇಬಲ್ ಮೇಲಿಟ್ಟ ಬಾಟಲಿ ನೋಡಿದೆ, 10 ಎಂಎಲ್, ಹೆಬ್ಬೆರಳಷ್ಟು ಉದ್ದ, ನೇರಳೆ ಬಣ್ಣದ ಲೇಬಲ್, ಮೇಲೆ ನಗ್ತಾ ಇರೋ ಪಾಪು ಚಿತ್ರ. ಮುಚ್ಚಳ ಎರಡು ಸುತ್ತು ತಿರುಗ್ಸಿದ್ರೆ ಬಂತು, ಎರಡು ವರ್ಷದ ಮಗುನೂ ತೆಗಿಬಹುದು. ಒಳಗೆ ಏನೇನಿದೆ ಅನ್ನೋದು ಕನ್ನಡಕ ಹಾಕ್ಕೊಂಡು ಓದಿದ್ರೂ ಕಾಣದಷ್ಟು ಸಣ್ಣ ಅಕ್ಷರ, ಓದ್ಕೊಂಡು ಹೋದ್ರೆ ಲ್ಯಾವೆಂಡರ್ ಜೊತೆ ನೀಲಗಿರಿ, ಕರ್ಪೂರ, ಪುದೀನಾ ಸತ್ವ. ಇದನ್ನ ಎಂಟು ತಿಂಗಳ ಮಗು ಎದೆಗೆ, ಮೂಗಿನ ಕೆಳಗೆ ಹಚ್ತಿದ್ರು.

ನೀಲಗಿರಿ ಎಣ್ಣೆ ಒಂದು ಟೀ ಚಮಚ, ಅಂದ್ರೆ 5 ಎಂಎಲ್ ಹೊಟ್ಟೆಗೆ ಹೋದ್ರೆ ಸಣ್ಣ ಮಗು ಪ್ರಜ್ಞೆ ತಪ್ಪಬಹುದು, ಫಿಟ್ಸ್ ಬರಬಹುದು. ಕರ್ಪೂರ ಇನ್ನೂ ಕೆಟ್ಟದ್ದು, ಒಂದು ಗ್ರಾಂ ಒಳಗೇ ಪುಟ್ಟ ಮಕ್ಕಳ ಜೀವ ಹೋಗಿರೋದುಂಟು, ನುಂಗಿದ ಕೆಲವೇ ನಿಮಿಷದಲ್ಲಿ ಫಿಟ್ಸ್ ಶುರುವಾಗುತ್ತೆ. ನುಂಗ್ಲೇಬೇಕು ಅಂತಾನೂ ಇಲ್ಲ, ಹಚ್ಚಿ ಮೂಸಿದ್ರಿಂದಾನೂ ಕೆಲವರಿಗೆ ಫಿಟ್ಸ್ ಬರುತ್ತೆ ಅಂತ ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ನ್ಯೂರಾಲಜಿ ಡಾಕ್ಟರ್‌ಗಳು ದೊಡ್ಡವರಲ್ಲೇ ನೋಡಿ ಬರೆದಿದ್ದಾರೆ. ಮೆಂಥಾಲ್, ಅಂದ್ರೆ ಪುದೀನಾ ಸತ್ವ, ಇರೋ ಬಾಮ್ ಕೂಸಿನ ಮೂಗಿನ ಹತ್ರ ಹಚ್ಚಿದ್ರೆ ಗಂಟಲು ಬಿಗಿದು ಉಸಿರು ಕಟ್ಟಬಹುದು. ಅದಕ್ಕೆ ಎರಡು ವರ್ಷದ ಒಳಗೆ ಇವ್ಯಾವುದೂ ಬೇಡವೇ ಬೇಡ ಅಂತೀನಿ. ಆಮೇಲೂ ಅಷ್ಟೊಂದು ಆಸೆ ಇದ್ರೆ ಬರೀ ಲ್ಯಾವೆಂಡರ್, ಒಂದೇ ಹನಿ, ಕರ್ಚೀಫಿಗೆ ಹಾಕಿ ಮಗು ಕೈಗೆ ಸಿಗದಷ್ಟು ದೂರ ಇಡಿ, ಮಲಗಿದ ಮೇಲೆ ತೆಗೆದಿಡಿ. ಮೈಗೆ ಬೇಡ, ತಲೆದಿಂಬಿಗೆ ಬೇಡ, ವೀಸಿಂಗ್, ಅಂದ್ರೆ ಉಬ್ಬಸ, ಇರೋ ಮಗು ರೂಮಲ್ಲಿ ಅಂತೂ ಬೇಡ. ಅಕಸ್ಮಾತ್ ಮಗು ಬಾಯಿಗೆ ಹಾಕ್ಕೊಂಡ್ರೆ ಉಪ್ಪುನೀರು ಕುಡಿಸಿ ವಾಂತಿ ಮಾಡ್ಸೋಕೆ ಹೋಗ್ಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಹೋದ್ರೆ ಇನ್ನೂ ಅಪಾಯ. 108ಕ್ಕೆ ಫೋನ್ ಮಾಡಿ, ಇಲ್ಲ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ಹತ್ರದ ಎಮರ್ಜೆನ್ಸಿಗೋ ಓಡಿ, ಬಾಟಲಿ ಜೊತೆಗೇ ತನ್ನಿ.

ಅಜ್ಜಿಯಂದಿರಿಗೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನೆತ್ತಿಗೆ ಎಣ್ಣೆ ಇಡೋದು, ಬಿಸಿನೀರು ಹಾಕೋದು, ಲಾಲಿ ಹಾಡೋದು ಎಲ್ಲಾ ಚೆನ್ನಾಗಿದೆ, ನಾನು ಬರೆದುಕೊಡೋ ದಿನಚರಿಲಿ ಅರ್ಧ ನಿಮ್ಮದೇ. ಸಾಂಬ್ರಾಣಿ ಹೊಗೆ ಮಾತ್ರ ಬಿಡಿ, ಡಿಸೆಂಬರ್ ಚಳಿಗೆ ಬಾಗಿಲು ಕಿಟಕಿ ಮುಚ್ಚಿದ ರೂಮಲ್ಲಿ ಆ ಹೊಗೆ, ಮೇಲೆ ಸೊಳ್ಳೆ ಬತ್ತಿ ಹೊಗೆ, ಪುಟ್ಟ ಎದೆಗೆ ತಡೆಯಲ್ಲ. ಸೊಳ್ಳೆ ಪರದೆ ಕಟ್ಟಿ. ನಿದ್ದೆ ಬರ್ಲಿ ಅಂತ ಜಾಯಿಕಾಯಿ ತೇಯ್ದು ನೆಕ್ಕಿಸೋದೂ ಬೇಡ, ಜಾಸ್ತಿ ಆದ್ರೆ ಮಂಪರು ಬಡಿಯುತ್ತೆ, ಎಷ್ಟು ಜಾಸ್ತಿ ಅನ್ನೋದು ತೇಯೋ ಕಲ್ಲಿಗೆ ಗೊತ್ತಾಗಲ್ಲ. ಇನ್ನು ಮೆಡಿಕಲ್ ಸ್ಟೋರಿಂದ ನೆಗಡಿ ಸಿರಪ್ ತಂದು ನಿದ್ದೆಗೆ ಕುಡಿಸೋದು, ಇದು ಅಜ್ಜಿಯರ ಕೆಲಸ ಅಲ್ಲ, ಓದಿದೋರೂ ಮಾಡ್ತಾರೆ. ಕ್ಲೋರ್‌ಫೆನಿರಮೈನ್, ಫೀನೈಲೆಫ್ರಿನ್ ಅನ್ನೋ ನೆಗಡಿ ಔಷಧಗಳು ಎರಡೂ ಸೇರಿರೋ ಸಿರಪ್ಪನ್ನ ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರ್ದು ಅಂತ 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದ್ದಾರೆ.

ದಿನಚರಿ ಅಂದ ತಕ್ಷಣ ಅಮ್ಮಂದಿರು ಹೇಳೋದು, "ಅದೆಲ್ಲ ಬೆಂಗಳೂರಲ್ಲಿ ಆಗುತ್ತೆ ಮೇಡಂ, ನಮ್ಮನೇಲಿ ಹೆಂಗೆ?" ಸರಿ, ಒಂದು ಮನೆ ಕಥೆ ಹೇಳ್ತೀನಿ. ವೇಮಗಲ್ ಹತ್ರದ ಹಳ್ಳಿ, ಎರಡೂವರೆ ವರ್ಷದ ಹೆಣ್ಣುಮಗು. ಅಪ್ಪ ನರಸಾಪುರದ ಕಂಪನಿಲಿ ಸೆಕೆಂಡ್ ಶಿಫ್ಟು, ಬಸ್ಸು ಇಳಿಸೋದೇ ರಾತ್ರಿ ಹನ್ನೊಂದೂವರೆಗೆ. ಮಗು ಅಪ್ಪ ಬರೋವರೆಗೂ ಎದ್ದಿರುತ್ತೆ, ಅಪ್ಪ ಊಟ ಮಾಡ್ತಾ ಆಟ ಆಡ್ಸ್ತಾನೆ, ಒಂದು ಗಂಟೆಗೆ ಮಲಗೋದು, ಬೆಳಿಗ್ಗೆ ಹತ್ತಕ್ಕೆ ಏಳೋದು, ಮತ್ತೆ ಸಂಜೆ ನಾಲ್ಕರಿಂದ ಆರರವರೆಗೆ ನಿದ್ದೆ. ಆರಕ್ಕೆ ಎದ್ದು ಟೀಲಿ ಬಿಸ್ಕತ್ತು ಅದ್ದಿ ತಿನ್ನೋದು. "ಟೀ ಯಾಕಮ್ಮ ಕೊಡ್ತೀಯಾ?" ಅಂದೆ. "ಸ್ವಲ್ಪಾನೇ ಮೇಡಂ, ಅದಕ್ಕೇನಾಗುತ್ತೆ" ಅಂದ್ಲು. ಆಗುತ್ತೆ, ಹತ್ತು ಹನ್ನೆರಡು ಕೆಜಿ ಮಗುಗೆ ಅರ್ಧ ಲೋಟ ಟೀ ಸ್ವಲ್ಪ ಅಲ್ಲ.

ನಾವು ರಾತ್ರಿ ಮುಟ್ಟಲೇ ಇಲ್ಲ, ಬೆಳಿಗ್ಗೆಯಿಂದ ಶುರು ಮಾಡಿದ್ವಿ. ಏಳು ಗಂಟೆಗೆ ಎಬ್ಬಿಸೋದು, ಎಷ್ಟು ಹೊತ್ತಿಗೇ ಮಲಗಿರ್ಲಿ. ಎಬ್ಬಿಸಿ ಅಂಗಳದಲ್ಲಿ ಬಿಸಿಲಲ್ಲಿ ಕೂರ್ಸೋದು. ಮಧ್ಯಾಹ್ನದ ನಿದ್ದೆ ಮೂರು ಗಂಟೆಗೆ ಮುಗೀಬೇಕು. ಟೀ ಬಂದ್. ಏಳಕ್ಕೆ ಮೆತ್ತಗೆ ಮುದ್ದೆ ಸಾರು, ಟೀವಿ ಸೀರಿಯಲ್ ಮುಗಿದ ಮೇಲಲ್ಲ. ಏಳೂವರೆಗೆ ಉಗುರುಬೆಚ್ಚಗಿನ ನೀರು, ಬೆಚ್ಚಗಿನ ನೀರು ಹಾಕಿದಾಗ ಕೈಕಾಲಿಗೆ ರಕ್ತ ಹರಿದು ಆಮೇಲೆ ಮೈಯೊಳಗಿನ ಬಿಸಿ ಇಳಿಯುತ್ತೆ, ಆ ಇಳಿಯೋದೇ ನಿದ್ದೆ ಕರೆಯೋದು. ಆಮೇಲೆ ಕಾಲಿಗೆ ಕೊಬ್ಬರಿ ಎಣ್ಣೆ, ದಿನಾ ಹಾಕೋ ಅದೇ ಹಳೇ ಕಾಟನ್ ಫ್ರಾಕು, ಟ್ಯೂಬ್‌ಲೈಟ್ ಆಫ್ ಮಾಡಿ ಸಣ್ಣ ಬಲ್ಬು, ಅಜ್ಜಿ ಹೇಳೋ ಒಂದೇ ಕಾಗಕ್ಕ ಗುಬ್ಬಕ್ಕ ಕಥೆ. ದಿನಾ ಅದೇ ಕಥೆನಾ ಅಂದ್ರೆ ಹೌದು, ಅದೇ ಕಥೆ. ಟ್ಯೂಬ್‌ಲೈಟ್ ವಿಷ್ಯ ಹಗುರ ಅನ್ಕೋಬೇಡಿ, ಮಲಗೋ ಮುಂಚಿನ ಒಂದು ಗಂಟೆ ಜೋರು ಬೆಳಕಲ್ಲಿ ಕೂರ್ಸಿದ್ರೆ ಅಂಗನವಾಡಿ ವಯಸ್ಸಿನ ಮಕ್ಕಳಿಗೆ ನಿದ್ದೆ ಹಾರ್ಮೋನು ಮೆಲಟೋನಿನ್ ಹೆಚ್ಚುಕಮ್ಮಿ ಪೂರ್ತಿ ನಿಂತೇ ಹೋಗುತ್ತೆ ಅಂತ 2018ರ ಒಂದು ಸ್ಟಡಿಲಿ ಗೊತ್ತಾಗಿದೆ.

ಅಪ್ಪನಿಗೆ ಬೇಜಾರಾಯ್ತು, ಆಗ್ಲೇಬೇಕಲ್ವಾ, ಮಗುನ ನೋಡೋದೇ ಅಷ್ಟೊತ್ತು. ಅದಕ್ಕೆ ಬೆಳಿಗ್ಗೆ ಅವನಿಗೆ ಬಿಟ್ವಿ. ಎದ್ದ ತಕ್ಷಣ ಹಲ್ಲುಜ್ಜಿಸೋದು, ತಿಂಡಿ ತಿನ್ಸೋದು, ಅಂಗನವಾಡಿಗೆ ಬಿಡೋದು ಎಲ್ಲಾ ಅವನದೇ. ಮೊದಲ ನಾಲ್ಕೈದು ರಾತ್ರಿ ಮಗು ಅತ್ತು ಗಲಾಟೆ ಮಾಡ್ತು, ಅಜ್ಜಿ ಒಂದಿನ ಡಾಕ್ಟ್ರಿಗೆ ಕರುಣೆ ಇಲ್ಲ ಅಂದ್ರಂತೆ. ಎರಡನೇ ವಾರ ಮುಗಿಯೋ ಹೊತ್ತಿಗೆ ಎಂಟೂವರೆಗೆ ಕಣ್ಣು ಕೂರೋಕೆ ಶುರುವಾಯ್ತು. ಶಿಫ್ಟ್ ಬದಲಾದ ವಾರ ಸ್ವಲ್ಪ ಏರುಪೇರಾಗುತ್ತೆ, ಆಗ್ಲಿ, ಬೆಳಿಗ್ಗೆ ಏಳರ ಟೈಮ್ ಒಂದು ಗಟ್ಟಿಯಾಗಿ ಹಿಡ್ಕೊಂಡ್ರೆ ಮತ್ತೆ ದಾರಿಗೆ ಬರುತ್ತೆ.

ಎಷ್ಟು ನಿದ್ದೆ ಬೇಕು ಅಂತ ಕೇಳೋರಿಗೆ: ಒಂದರಿಂದ ಎರಡು ವರ್ಷಕ್ಕೆ ಹಗಲಿನದೂ ಸೇರಿ 11ರಿಂದ 14 ಗಂಟೆ, ಮೂರರಿಂದ ಐದಕ್ಕೆ 10ರಿಂದ 13.

ಇಷ್ಟೆಲ್ಲಾ ಒಂದು ತಿಂಗಳು ಮಾಡಿದ್ರೂ ಆಗ್ಲಿಲ್ಲ ಅಂದ್ರೆ ದಿನಚರಿನ ಬೈಕೊಂಡು ಎಣ್ಣೆ ಬಾಟಲಿಗೆ ಹೋಗ್ಬೇಡಿ, ಮಗುನ ಕರ್ಕೊಂಡು ಬನ್ನಿ. ರಾತ್ರಿಯೆಲ್ಲಾ ಕಾಲು ಒದರೋದು, ಹೊರಳಾಡೋದು ಇದ್ರೆ ಮೊದಲು ರಕ್ತದಲ್ಲಿ ಕಬ್ಬಿಣ ನೋಡ್ಬೇಕು. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರರಲ್ಲಿ 65 ಮಕ್ಕಳಿಗೆ ರಕ್ತಹೀನತೆ ಇತ್ತು, ಕಬ್ಬಿಣ ಕಮ್ಮಿ ಆದ್ರೆ ನಿದ್ದೆ ಕೆಡುತ್ತೆ, ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ತೋರ್ಸೋ ಫೆರಿಟಿನ್ ಟೆಸ್ಟ್ ಮಾಡಿ ಕಬ್ಬಿಣದ ಸಿರಪ್ ಕೊಟ್ರೆ ಎಷ್ಟೋ ಮಕ್ಕಳು ಸರಿ ಹೋಗ್ತಾರೆ. ಬಾಯಿ ತೆಕ್ಕೊಂಡು ಗೊರಕೆ ಹೊಡೆಯೋದು, ಮಧ್ಯ ಉಸಿರು ನಿಂತಂಗಾಗಿ ಬೆಚ್ಚಿ ಬೀಳೋದು ಇದ್ರೆ ಮೂಗಿನ ಹಿಂದಿರೋ ಅಡಿನಾಯ್ಡ್ ಗ್ರಂಥಿ ಊದಿರಬಹುದು, ಅದನ್ನ ಇಎನ್‌ಟಿ ಅವರು ನೋಡ್ಬೇಕು. ಕ್ಲಿನಿಕ್‌ನಲ್ಲಿ ಮಗು ಗೊರಕೆ ಹೊಡೆದು ತೋರ್ಸಲ್ಲ, ಅದಕ್ಕೆ ಮನೇಲಿ ಮಲಗಿರೋವಾಗ ಎದೆ, ಮುಖ ಎರಡೂ ಕಾಣೋ ಹಂಗೆ, ಸೌಂಡ್ ಕೇಳೋ ಹಂಗೆ ಫೋನಲ್ಲಿ ಎರಡು ನಿಮಿಷ ವಿಡಿಯೋ ಮಾಡ್ಕೊಂಡು ಬನ್ನಿ.