ಬಾತುಕೋಳಿ ಕುಂಟಿದರೆ ಮೊದಲು ಕಾಳಿನ ಚೀಲ ನೋಡಿ

ದೀಪಾವಳಿ ಹತ್ತಿರವಾದಂತೆ ದಾವಣಗೆರೆ ಸುತ್ತಲಿನ ರಸ್ತೆಗಳ ಒಂದು ಮಗ್ಗುಲು ಮೆಕ್ಕೆಜೋಳದ ಪಾಲಾಗುತ್ತದೆ. ಕಣವಿಲ್ಲದವರು ಡಾಂಬರಿನ ಮೇಲೇ ಒಣಹಾಕುತ್ತಾರೆ. ಇಷ್ಟು ಕಾಳು ಕಣ್ಣೆದುರಿಗಿರುವಾಗ ಮನೆಯ ಕೋಳಿಗೂ ಬಾತುಕೋಳಿಗೂ ಅದರದೇ ನುಚ್ಚು ಬೀಳುತ್ತದೆ. ಕೋಳಿ ತಿಪ್ಪೆ ಕೆದಕಿ, ಹುಳುಹುಪ್ಪಟೆ ಹೆಕ್ಕಿ ಹೇಗೋ ಸರಿದೂಗಿಸಿಕೊಳ್ಳುತ್ತದೆ. ಮಕ್ಕಳ ಖುಷಿಗೆಂದು ಮಹಡಿ ಮೇಲೆ ಸಾಕಿದ ಬಾತುಮರಿಗೆ ಆ ಭಾಗ್ಯವಿಲ್ಲ. ಕೆಲವು ವಾರಗಳಲ್ಲಿ ಅದು ನಡೆಯಲು ಹಿಂಜರಿಯುತ್ತದೆ, ಕಾಲಿನ ಗಂಟು ದಪ್ಪವಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಯಾರೋ ತುಳಿದಿರಬೇಕು ಎಂದು ಮನೆಯವರು ಎಣ್ಣೆ ನೀವಿ, ಅರಿಸಿನ ಹಚ್ಚಿ, ಬಟ್ಟೆ ಕಟ್ಟುತ್ತಾರೆ.

ಹಲವು ಸಲ ಅಲ್ಲಿರುವುದು ನಿಯಾಸಿನ್, ಅಂದರೆ ಬಿ3 ಜೀವಸತ್ವದ ಕೊರತೆ. ಬಾತುಮರಿಯ ಒಂದು ಕಿಲೋ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ ನಿಯಾಸಿನ್ ಇರಬೇಕು. ಕೋಳಿಮರಿಗೆ 27ರಿಂದ 35 ಸಾಕು. ಈ ವ್ಯತ್ಯಾಸಕ್ಕೆ ಕಾರಣ ಬಾತಿನ ಯಕೃತ್ತು. ಅನೇಕ ಪ್ರಾಣಿಗಳು ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ನಿಯಾಸಿನ್ನನ್ನು ಒಂದಿಷ್ಟು ತಾವೇ ತಯಾರಿಸಿಕೊಳ್ಳುತ್ತವೆ. ಬಾತಿನಲ್ಲಿ ಪಿಕೊಲಿನಿಕ್ ಕಾರ್ಬಾಕ್ಸಿಲೇಸ್ ಎಂಬ ಕಿಣ್ವ ಬಲು ಚುರುಕು. ನಿಯಾಸಿನ್ ಆಗಬೇಕಿದ್ದ ಸರಕನ್ನು ಅರ್ಧದಾರಿಯಲ್ಲೇ ಬೇರೆ ಕಡೆ ತಿರುಗಿಸಿಬಿಡುತ್ತದೆ. ಇತ್ತ ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನೇ ಕಡಿಮೆ. ಇರುವ ನಿಯಾಸಿನ್ ಕೂಡ ಬೇರೆ ಪದಾರ್ಥಗಳಿಗೆ ಅಂಟಿಕೊಂಡಿದ್ದು, ಬಹುಪಾಲು ಕರುಳಿಗೆ ದಕ್ಕದೆ ಹೊರಹೋಗುತ್ತದೆ.

ಮೆಕ್ಸಿಕೋದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬುತ್ತಾರೆ. ಆಗ ಆ ಅಂಟು ಬಿಡುತ್ತದೆ. ಕಾಳನ್ನಷ್ಟೇ ಒಯ್ದು ಸುಣ್ಣವನ್ನು ಅಲ್ಲೇ ಬಿಟ್ಟು ಬಂದ ಯುರೋಪಿನಲ್ಲಿ ಬಡವರು ಪೆಲಾಗ್ರಾ ರೋಗಕ್ಕೆ ತುತ್ತಾದರು. ಅದಕ್ಕೆ ಮದ್ದು ಈ ಜೀವಸತ್ವವೇ ಎಂಬ ಸುಳಿವು ಸಿಕ್ಕಿದ್ದು 1937ರಲ್ಲಿ, ಅಮೆರಿಕದ ವಿಜ್ಞಾನಿ ಕಾನ್ರಾಡ್ ಎಲ್ವೆಹ್ಯಾಮ್ ನಾಯಿಗಳ ಕಪ್ಪುನಾಲಿಗೆ ರೋಗವನ್ನು ಇದರಿಂದ ವಾಸಿಮಾಡಿದಾಗ. ನಾವು ರೊಟ್ಟಿಯ ಪಕ್ಕ ಕಾಳುಪಲ್ಯ, ಶೇಂಗಾ ಚಟ್ನಿ ಇಟ್ಟುಕೊಳ್ಳುತ್ತೇವೆ. ಬರೀ ನುಚ್ಚು ತಿನ್ನುವ ಬಾತು ಪಲ್ಯವಿಲ್ಲದ ರೊಟ್ಟಿಯನ್ನೇ ಮೂರು ಹೊತ್ತೂ ಉಂಡ ಹಾಗೆ.

ಹಾಗಾದರೆ ಚಳ್ಳಕೆರೆಯ ಶೇಂಗಾ ಹಿಂಡಿ ಹಾಕಿದರಾಯಿತಲ್ಲ? ಶೇಂಗಾದಲ್ಲಿ ನಿಯಾಸಿನ್ ಧಾರಾಳವಾಗಿದೆ, ನಿಜ. ಆದರೆ ಬೂಷ್ಟು ಹಿಡಿದ ಹಿಂಡಿಯಷ್ಟು ಅಪಾಯದ್ದು ಬಾತಿಗೆ ಮತ್ತೊಂದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು, ಬಾತುಮರಿಗಳೂ ಸತ್ತವು. ಜಾಡು ಹಿಡಿದು ಹೋದವರಿಗೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ, ಅದರೊಳಗೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಸುರಿಸಿದ ವಿಷ. ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದು ಆಮೇಲೆ. ಈ ವಿಷಕ್ಕೆ ಬಾತುಮರಿ ಎಷ್ಟು ಬೇಗ ಬೀಳುತ್ತದೆಂದರೆ, ಆಹಾರದಲ್ಲಿ ವಿಷವಿದೆಯೇ ಎಂದು ಪತ್ತೆಮಾಡಲು ವಿಜ್ಞಾನಿಗಳು ಒಂದು ದಿನದ ಬಾತುಮರಿಗಳನ್ನೇ ಬಳಸುತ್ತಿದ್ದರು. ಸರಿಯಾಗಿ ಒಣಗದ ಮೆಕ್ಕೆಜೋಳದಲ್ಲೂ ಇದೇ ಶಿಲೀಂಧ್ರ ಬೆಳೆಯುತ್ತದೆ. 1974ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಅಂಥ ಕಾಳು ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ತೊಳೆದರೆ, ಬೇಯಿಸಿದರೆ ಹೋಗುವ ವಿಷವಲ್ಲ ಇದು. ಮುಗ್ಗಲು ವಾಸನೆ ಬಂದರೆ ಚೀಲವನ್ನೇ ಎಸೆಯಿರಿ.

ಸುರಕ್ಷಿತ ದಾರಿಯೆಂದರೆ ಬ್ರೂವರ್ಸ್ ಯೀಸ್ಟ್, ಅಂದರೆ ಬಿಯರ್ ತಯಾರಿಕೆಯ ಯೀಸ್ಟಿನ ಒಣಪುಡಿ: ಒಂದು ಬಟ್ಟಲು ಆಹಾರಕ್ಕೆ ಒಂದು ದೊಡ್ಡ ಚಮಚ. ಬ್ರೆಡ್ಡಿಗೆ ಹಾಕುವ ಯೀಸ್ಟ್ ಬೇಡ. ಬೇಯಿಸಿದ ಬಟಾಣಿ, ಸಣ್ಣ ಹೊಳೆಮೀನು ಕೂಡ ಒಳ್ಳೆಯದು. ಬೇಗ ಗುರುತಿಸಿದರೆ ಮರಿ ಕೆಲವೇ ದಿನಗಳಲ್ಲಿ ಎದ್ದು ಓಡಾಡುತ್ತದೆ. ಮೂಳೆ ಬಾಗಿಯೇ ಬೆಳೆದುಬಿಟ್ಟಿದ್ದರೆ ನೆಟ್ಟಗಾಗುವುದಿಲ್ಲ.

ಎಲ್ಲ ಕುಂಟೂ ಆಹಾರದ್ದಲ್ಲ. ಪಾದ ತಿರುಗಿಸಿ ನೋಡಿ. ಕಪ್ಪು ಹಕ್ಕಳೆ, ಬಾವು ಇದ್ದರೆ ಅದು ಸಿಮೆಂಟು ನೆಲ, ಕಲ್ಲು ಚಪ್ಪಡಿಯ ಮೇಲೆ ನಡೆದು ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಒಳಹೊಕ್ಕಿರುವ ಗುರುತು. ಬೆಚ್ಚನೆ ಉಪ್ಪುನೀರಿನಲ್ಲಿ ಕಾಲು ನೆನೆಸಿ, ಮೆತ್ತಗೆ ಹಾಸಿ. ಕೊಯ್ಯುವ ಕೆಲಸ ವೈದ್ಯರಿಗೆ ಬಿಡಿ. ಹಾಸಲು ಭತ್ತದ ಹುಲ್ಲು ಸುಲಭವಾಗಿ ಸಿಗುತ್ತದೆ, ಆದರೆ ನೆನೆದು ಬೂಷ್ಟಾದ ಹುಲ್ಲಿನಿಂದ ಆಸ್ಪರ್ಜಿಲಸ್ ಬೀಜಕಣಗಳು ಶ್ವಾಸಕೋಶ ಸೇರುತ್ತವೆ.

ಬಾತಿಗೆ ನಾಯಿ ಕಚ್ಚಿದ್ದರೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಸಣ್ಣ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಬೆರೆಸಿ ಗಾಯ ತೊಳೆಯಿರಿ. ಗರಿಯ ಅಡಿಯಲ್ಲಿ ಸಣ್ಣದಾಗಿ ಕಂಡ ತೂತು ಒಳಗೆ ಆಳವಾಗಿರಬಹುದು, ಆದ್ದರಿಂದ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಎತ್ತುವಾಗ ರೆಕ್ಕೆ, ಕಾಲು ಹಿಡಿಯದೆ ಹೊಟ್ಟೆಯ ಕೆಳಗೆ ಕೈಯಿಟ್ಟು ಎತ್ತಬೇಕು. ಹಕ್ಕಿಗಳಿಗೆ ನಮ್ಮಂತೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಡಿಸುವ ಸ್ನಾಯುವಿನ ಪರದೆ ಇಲ್ಲ. ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಆಡಿದರೆ ಮಾತ್ರ ಉಸಿರು. ಪ್ರೀತಿಯಿಂದಲೇ ಬಿಗಿಯಾಗಿ ಅಪ್ಪಿ ಹಿಡಿದರೂ ಉಸಿರುಗಟ್ಟುತ್ತದೆ. ದನಕ್ಕೆ ಗೊಟ್ಟದಲ್ಲಿ ಔಷಧ ಹಾಕಿದ ಅಭ್ಯಾಸವನ್ನು ಇಲ್ಲಿ ತರಬೇಡಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ಸುರಿದ ನೀರು ನೇರ ಅಲ್ಲಿಗೇ ಇಳಿಯಬಹುದು. ಮನೆಯಲ್ಲಿರುವ ನೋವಿನ ಮಾತ್ರೆಯೂ ಬೇಡ. ಡೈಕ್ಲೊಫೆನಾಕ್ ಎಂಬ ನೋವಿನ ಮದ್ದು ಸೇರಿದ್ದ ದನದ ಹೆಣ ತಿಂದೇ ನಮ್ಮ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತದ್ದು. ಪಶುಚಿಕಿತ್ಸೆಯಲ್ಲಿ ಅದರ ಬಳಕೆಗೆ 2006ರಲ್ಲಿ ತಡೆ ಬಿತ್ತು.

ಚಿತ್ರದುರ್ಗದ ಕಡೆ ಬೇಸಿಗೆಯಲ್ಲಿ ಕೆರೆ ಬತ್ತಿ ಕೆಸರಾಗುವ ಹೊತ್ತಿಗೆ ಇನ್ನೊಂದು ಕಾಟ. ಬಾತು ಮೊದಲು ಕಾಲು ಸೋಲುತ್ತದೆ, ಆಮೇಲೆ ಕತ್ತು ಎತ್ತಲಾಗದೆ ನೆಲಕ್ಕೆ ಹಾಕುತ್ತದೆ. ಕೊಳೆತ ಹೆಣದ ಹುಳದಲ್ಲಿ ಸೇರಿಕೊಂಡ ಬಾಟ್ಯುಲಿಸಂ ವಿಷ ಇದು. ನೆರಳಿನಲ್ಲಿಟ್ಟು, ತಲೆಗೆ ಆಸರೆ ಕೊಟ್ಟು ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ಕತ್ತು ನಿಲ್ಲುವವರೆಗೆ ಈಜಲು ಬಿಡಬೇಡಿ, ಮುಳುಗುತ್ತದೆ.

ಆ್ಯಂಟಿಬಯೊಟಿಕ್ ಕೊಡುತ್ತಿರುವಾಗ ಇಟ್ಟ ಮೊಟ್ಟೆಯನ್ನು ಯಾವಾಗಿನಿಂದ ತಿನ್ನಬಹುದೆಂದು ವೈದ್ಯರನ್ನೇ ಕೇಳಿ. ಒಂದರ ಹಿಂದೊಂದು ಸಾಯತೊಡಗಿದರೆ ಮಾತ್ರ ಮನೆಮದ್ದಿನ ಮಾತೇ ಇಲ್ಲ. ಬಾತುಕೋಳಿ ಹೊರಗೆ ಏನನ್ನೂ ತೋರಿಸದೆ ಹಕ್ಕಿಜ್ವರದ ವೈರಸ್ ಹೊತ್ತಿರಬಲ್ಲದು. ಕೊಯ್ದು ನೋಡಬೇಡಿ, ಸಾರಿಗೂ ಹಾಕಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಇಲ್ಲವೇ 1962 ಸಹಾಯವಾಣಿಗೆ ತಿಳಿಸಿ.