ಫ್ರೆಂಡ್ ಚಿತ್ರ ನೋಡಿ "ಸೂಪರ್" ಬಿಟ್ಟು ಇನ್ನೇನ್ ಹೇಳೋದು?

ಪ್ರಶ್ನೆ: ನಮ್ ಆರ್ಟ್ ಕ್ಲಾಸಲ್ಲಿ ಕೊನೇಗೆ ಎಲ್ರ ಚಿತ್ರಾನೂ ಗೋಡೆಗೆ ಒರಗಿಸಿ, ಒಬ್ರದ್ದರ ಬಗ್ಗೆ ಇನ್ನೊಬ್ರು ಮಾತಾಡಿ ಅಂತಾರೆ. ನಂಗೆ "ಚೆನ್ನಾಗಿದೆ" ಅನ್ನೋದು ಬಿಟ್ರೆ ಬಾಯೇ ಬರಲ್ಲ. ತಪ್ಪು ತೋರಿಸಿದ್ರೆ ಫ್ರೆಂಡ್ ಮುಖ ಊದಿಸ್ಕೋತಾಳೆ. ಏನ್ ಮಾಡ್ಲಿ ಸರ್?

ಉತ್ತರ: ಈ ಪ್ರಶ್ನೆ ನಾನೂ ಕೇಳಿದ್ದೆ, ಅದೂ ಒಂದು ಎಡವಟ್ಟು ಮಾಡ್ಕೊಂಡಾದ್ಮೇಲೆ. ಕಾಲೇಜಲ್ಲಿ ಎರಡನೇ ವರ್ಷ, ಕ್ಲಾಸ್‌ಮೇಟ್ ಒಬ್ಳು ಪೋಸ್ಟರ್ ಕಲರಲ್ಲಿ ಕೆರೆ ದಂಡೆ ಮಾಡಿದ್ಲು, ನಾನು ದೊಡ್ಡ ಮನುಷ್ಯನ ಥರ "ಜೀವಾನೇ ಇಲ್ಲ ಕಣೇ" ಅಂದ್ಬಿಟ್ಟೆ. ಬೋರ್ಡ್ ಗೋಡೆ ಕಡೆ ತಿರುಗಿಸಿಟ್ಟು ಎದ್ದು ಹೋದ್ಲು, ವಾರ ಪೂರ್ತಿ ಮಾತಿಲ್ಲ. ನಂಗೆ ನಿಜವಾಗ್ಲೂ ಕಂಡಿದ್ದೇನಂದ್ರೆ ಹತ್ರದ ಮರ, ದೂರದ ಗುಡ್ಡ ಎರಡೂ ಒಂದೇ ಕಡು ಹಸಿರು, ಅದಕ್ಕೆ ಗುಡ್ಡ ಮರದ ಪಕ್ಕಕ್ಕೇ ಬಂದು ನಿಂತಂಗಿತ್ತು. ಅಷ್ಟೇ ಹೇಳಿದ್ರೆ ಗುಡ್ಡಕ್ಕೆ ಒಂಚೂರು ನೀಲಿ, ಬಿಳಿ ಸೇರಿಸ್ಕೊಂಡು ಹತ್ತು ನಿಮಿಷದಲ್ಲಿ ಸರಿ ಮಾಡ್ತಿದ್ಲು. "ಜೀವ ಇಲ್ಲ" ಅಂದ್ರೆ ಏನಂತ ಸರಿ ಮಾಡ್ತಾಳೆ ಪಾಪ?

ಹಂಗಾಗಿ ತೀರ್ಪು ಆಮೇಲೆ, ಮೊದಲು ಕಣ್ಣಿಗೆ ಏನ್ ಕಾಣ್ತಿದೆ ಅದನ್ನ ಹೇಳಿ. ಸ್ಟಿಲ್ ಲೈಫಲ್ಲಿ, ಅಂದ್ರೆ ಎದುರಿಗೆ ಸಾಮಾನು ಇಟ್ಟು ನೋಡ್ಕೊಂಡು ಬಿಡಿಸೋದ್ರಲ್ಲಿ, ಹಿತ್ತಾಳೆ ಚೊಂಬು ಇಟ್ಟಿರ್ತಾರಲ್ಲ, ಅದ್ರಲ್ಲಿ ಹೆಚ್ಚುಕಮ್ಮಿ ಎಲ್ರೂ ಒಂದೇ ತಪ್ಪು ಮಾಡ್ತಾರೆ: ಬಾಯಿನ ಚೆಂದಕ್ಕೆ ಮೊಟ್ಟೆಯಾಕಾರ ಬಿಡಿಸಿ, ತಳಕ್ಕೆ ಬಂದಾಗ ಸ್ಕೇಲ್ ಇಟ್ಟಂಗೆ ನೆಟ್ಟಗೆ ಗೆರೆ ಎಳೀತಾರೆ. "ಚೊಂಬು ಸರಿಯಿಲ್ಲ" ಅಂದ್ರೆ ಪ್ರಯೋಜನ ಇಲ್ಲ. "ಬಾಯಿ ಒಳಗಡೆ ಕಾಣ್ತಿದೆ ಅಂದ್ರೆ ಮೇಲಿಂದ ನೋಡ್ತಿದ್ದೀವಿ ತಾನೆ, ತಳ ಯಾಕೆ ನೆಟ್ಟಗಿದೆ?" ಅಂತ ಕೇಳಿ. ಅವ್ಳೇ ಚೊಂಬು ಕಡೆ ಇನ್ನೊಂದ್ಸಲ ನೋಡ್ತಾಳೆ, ಕಣ್ಣಿನ ಮಟ್ಟದಿಂದ ಕೆಳಗೆ ಹೋದಷ್ಟೂ ಆ ಮೊಟ್ಟೆಯಾಕಾರ ಇನ್ನಷ್ಟು ದುಂಡಗಾಗುತ್ತೆ, ತಳದ ಗೆರೆ ಬಾಯಿಗಿಂತ ಜಾಸ್ತಿ ಬಾಗ್ಬೇಕು ಅನ್ನೋದು ಅವ್ಳಿಗೇ ಹೊಳೆಯುತ್ತೆ.

ಅಮೆರಿಕದ ಐಡಹೊ ರಾಜ್ಯದ ಬಾಯ್ಸಿ ಊರಲ್ಲಿ ಆಸ್ಟಿನ್ ಅನ್ನೋ ಒಂದನೇ ಕ್ಲಾಸ್ ಹುಡುಗ ಫೋಟೋ ನೋಡ್ಕೊಂಡು ಚಿಟ್ಟೆ ಬಿಡಿಸಿದ ಕತೆನ ರಾನ್ ಬರ್ಗರ್ ಅನ್ನೋ ಮೇಷ್ಟ್ರು ಊರೂರಲ್ಲಿ ಹೇಳ್ತಾರೆ. ಮೊದಲನೇದು ಎಲ್ಲಾ ಮಕ್ಕಳು ಬಿಡಿಸೋ ಚಿಟ್ಟೆನೇ. ಕ್ಲಾಸಿನ ಮಕ್ಕಳು ಮೊದಲು ರೆಕ್ಕೆ ಆಕಾರದ ಬಗ್ಗೆ ಮಾತ್ರ ಹೇಳಿದ್ರು, ಅದು ಸರಿಯಾದ್ಮೇಲೇನೇ ಪಟ್ಟೆಗಳ ವಿಷಯ ತೆಗೆದಿದ್ದು. ಆರನೇ ಸಲಕ್ಕೆ ಬಿಡಿಸಿದ್ದು ನೋಡಿದ್ರೆ ಅದೇ ಮಗು ಬಿಡಿಸಿದ್ದು ಅಂತ ನಂಬೋಕಾಗಲ್ಲ. ಒಂದ್ಸಲಕ್ಕೆ ಒಂದೇ ವಿಷಯ ಹೇಳಿದ್ರಲ್ಲ, ನಂಗೆ ಹಿಡಿಸಿದ್ದು ಅದು. ನಾವೋ, ಬಾಯಿ ತೆಗೆದ್ರೆ ಕಲರು, ಶೇಡು, ಬ್ಯಾಕ್‌ಗ್ರೌಂಡು ಎಲ್ಲಾ ಒಟ್ಟಿಗೆ ಸುರೀತೀವಿ.

ಯಾವಾಗ ಹೇಳ್ತೀರ ಅನ್ನೋದೂ ಮುಖ್ಯ, ವಾಟರ್ ಕಲರಲ್ಲಂತೂ ತುಂಬಾನೇ. ಅಲ್ಲಿ ಬೆಳಕು ಅಂದ್ರೆ ಪೇಪರಿನ ಬಿಳಿನೇ, ಮೂರು ವಾಶ್ (ನೀರು ಬೆರೆಸಿದ ತೆಳು ಬಣ್ಣ) ಕೊಟ್ಟು ಒಣಗಿದ್ಮೇಲೆ "ಇಲ್ಲಿ ಹೈಲೈಟ್ ಬಿಡ್ಬೇಕಿತ್ತು" ಅಂದ್ರೆ ಹೊಟ್ಟೆ ಉರಿಸಿದಂಗೆ ಅಷ್ಟೇ. ಪೆನ್ಸಿಲ್ ಗೆರೆ ಇರುವಾಗ್ಲೇ ಒಬ್ರದ್ದು ಒಬ್ರು ನೋಡ್ಕೊಳ್ಳಿ. ಆದ್ರೆ ಅವ್ರ ಶೀಟ್ ಮೇಲೆ ನೀವು ಪೆನ್ಸಿಲ್ ಇಡ್ಬೇಡಿ, ದಮ್ಮಯ್ಯ! ತೋರಿಸ್ಲೇಬೇಕಂದ್ರೆ ಪಕ್ಕದಲ್ಲಿ ರಫ್ ಪೇಪರ್ ಮೇಲೆ ಬಿಡಿಸಿ.

ಇನ್ನು ಮುಖ ಊದಿಸ್ಕೊಳ್ಳೋ ವಿಷಯ. ಲಿಜ್ ಲರ್ಮನ್ ಅಂತ ಅಮೆರಿಕದ ಡ್ಯಾನ್ಸ್ ಕಲಾವಿದೆ, 1990ರಲ್ಲಿ ಇದಕ್ಕೇ ಅಂತ ಒಂದು ಪದ್ಧತಿ ಮಾಡಿದ್ರು, ಅದ್ರಲ್ಲಿ ಅಭಿಪ್ರಾಯ ಹೇಳೋಕೆ ಮುಂಚೆ ಪರ್ಮಿಷನ್ ಕೇಳ್ಬೇಕು. "ಬ್ಯಾಕ್‌ಗ್ರೌಂಡ್ ಬಗ್ಗೆ ನಂಗೊಂದು ಅನ್ಸ್ತಿದೆ, ಹೇಳ್ಲಾ?" ಬೇಡ ಅಂದ್ರೆ ಬಿಟ್ಬಿಡಿ. ಮೊದಮೊದಲು ನಾಟಕ ಅನ್ಸುತ್ತೆ, ನಂಗೂ ಅನ್ಸಿತ್ತು, ಆದ್ರೆ ಹೇಳು ಅಂತ ತಾನೇ ಅಂದೋರಿಗೆ ಅಷ್ಟು ಸುಲಭಕ್ಕೆ ಸಿಟ್ಟು ಬರಲ್ಲ.

ಇನ್ನೊಂದು, ಮುಂದಿನ ಕ್ಲಾಸಲ್ಲಿ ಮೊದಲು ನಿಮ್ಮದನ್ನೇ ಅವ್ಳ ಮುಂದೆ ಹಿಡೀರಿ. "ಹೆಂಗಿದೆ?" ಅಂತ ಮಾತ್ರ ಕೇಳ್ಬೇಡಿ, ಅದಕ್ಕೆ ಸೂಪರ್ ಅಂತಾನೇ ಉತ್ತರ ಬರೋದು. "ಈ ಕೈ ಮುಖಕ್ಕಿಂತ ದೊಡ್ಡದಾಯ್ತಾ ನೋಡೇ" ಅನ್ನಿ.