ಟ್ರೆಡ್‌ಮಿಲ್ ಖರ್ಚು: ಎಚ್‌ಪಿ ಬಿಡಿ, ಮೀಟರಿನ ಮಿನುಗು ಎಣಿಸಿ

ಟ್ರೆಡ್‌ಮಿಲ್ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘4 ಎಚ್‌ಪಿ ಪೀಕ್’ ಎಂದಿರುತ್ತದೆ. ಒಂದು ಎಚ್‌ಪಿಗೆ, ಅಂದರೆ ಅಶ್ವಶಕ್ತಿಗೆ, 746 ವ್ಯಾಟ್ ಹಿಡಿದು ಗುಣಿಸಿದರೆ ಸುಮಾರು 3,000 ವ್ಯಾಟ್, ಗೀಸರಿನ ಲೆಕ್ಕ! ಹೆದರಬೇಡಿ. ಪೀಕ್ ಅಂದರೆ ಮೋಟಾರು ಕ್ಷಣಹೊತ್ತು ಕೊಡಬಲ್ಲ ಗರಿಷ್ಠ ಶಕ್ತಿ, ಅಷ್ಟೆ. ನಡೆಯುವಾಗ ಅದು ಎಳೆಯುವ ಕರೆಂಟನ್ನು ನಿಮ್ಮ ತೂಕ, ವೇಗ, ಬೆಲ್ಟಿನ ಸ್ಥಿತಿ ತೀರ್ಮಾನಿಸುತ್ತವೆ. ಮನೆಬಳಕೆಯ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ 300ರಿಂದ 900 ವ್ಯಾಟ್.

ಸರಿಯಾಗಿ ತಿಳಿಯಲು ಮನೆಯ ಮೀಟರೇ ಸಾಕು. ಒಂದು ಯೂನಿಟ್ಟಿಗೆ ಅದರ ಕೆಂಪು ದೀಪ ಎಷ್ಟು ಸಲ ಮಿನುಗುತ್ತದೆಂದು ಮೀಟರಿನ ಮುಖದ ಮೇಲೆಯೇ ಮುದ್ರಿಸಿರುತ್ತಾರೆ, 3200 ಎಂದಿಟ್ಟುಕೊಳ್ಳಿ. ಫ್ರಿಜ್ಜು, ಪಂಪು, ಫ್ಯಾನು ಎಲ್ಲ ಆಫ್ ಮಾಡಿ. ಯುಪಿಎಸ್ಸಿನ ಪ್ಲಗ್ಗನ್ನೂ ಕೀಳಿ, ಇಲ್ಲದಿದ್ದರೆ ಬ್ಯಾಟರಿ ಚಾರ್ಜಾಗುವ ಮಿನುಗೂ ಎಣಿಕೆಗೆ ಸೇರಿ ಲೆಕ್ಕ ಕೆಡುತ್ತದೆ. ಒಬ್ಬರು ದಿನದ ವೇಗದಲ್ಲೇ ನಡೆಯಲಿ, ಇನ್ನೊಬ್ಬರು 10 ನಿಮಿಷ ಮಿನುಗು ಎಣಿಸಲಿ. 320 ಬಂದರೆ ಯೂನಿಟ್ಟಿನ ಹತ್ತನೇ ಒಂದು ಭಾಗ ಖರ್ಚಾಗಿದೆ, ಅಂದರೆ 600 ವ್ಯಾಟ್. ದಿನಕ್ಕೆ ಅರ್ಧ ಗಂಟೆಯಂತೆ ತಿಂಗಳಲ್ಲಿ 26 ದಿನ ನಡೆದರೆ 7.8 ಯೂನಿಟ್. ತೆರಿಗೆ, ಸರ್ಚಾರ್ಜ್ ಸೇರಿಸಿ ಯೂನಿಟ್ಟಿಗೆ ₹7 ಹಿಡಿದರೂ ₹55 ದಾಟದು.

ಈ ಎಣಿಕೆಯನ್ನು ಬರೆದಿಡಿ. ಮೂರು ತಿಂಗಳ ನಂತರ ಅದೇ ವ್ಯಕ್ತಿ, ಅದೇ ವೇಗದಲ್ಲಿ ನಡೆದಾಗ 320 ಇದ್ದದ್ದು 400 ಆದರೆ, ಬೆಲ್ಟು ಒಣಗಿದೆ ಅಥವಾ ಅತಿಯಾಗಿ ಬಿಗಿದಿದೆ. ಪ್ಲಗ್ ಕಿತ್ತು, ಬೆಲ್ಟಿನ ಅಂಚನ್ನು ಎತ್ತಿ, ಅಡಿಯ ಹಲಗೆಯನ್ನು ಬೆರಳಿಂದ ಸವರಿ. ಜಿಡ್ಡು ತಾಗದಿದ್ದರೆ ಕೈಪಿಡಿಯಲ್ಲಿ ಹೇಳಿದಷ್ಟು ಸಿಲಿಕೋನ್ ಎಣ್ಣೆ ಹಾಕಿ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಖಂಡಿತ ಬೇಡ, ಬೆಲ್ಟೇ ಹಾಳಾಗುತ್ತದೆ. ಘರ್ಷಣೆ ಹೆಚ್ಚಿದಷ್ಟೂ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಕೊನೆಗೆ ಕಂಟ್ರೋಲರ್ ಬೋರ್ಡು ಸುಡುತ್ತದೆ. ಬಿಲ್ಲಿನಲ್ಲಿ ಏರುವ ಹತ್ತು-ಹದಿನೈದು ರೂಪಾಯಿಗಿಂತ ಈ ಬೋರ್ಡಿನ ಬೆಲೆಯೇ ದೊಡ್ಡ ಪೆಟ್ಟು.

ನಡಿಗೆ ಮುಗಿದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸಿ. ಸುಮ್ಮನೆ ನಿಂತ ಯಂತ್ರ 6 ವ್ಯಾಟ್ ತಿಂದರೂ ತಿಂಗಳಿಗೆ 4.3 ಯೂನಿಟ್, ನಡೆದದ್ದರ ಅರ್ಧಕ್ಕಿಂತ ಜಾಸ್ತಿ! ಇನ್ನು ಎಸಿ ಹಾಕಿಕೊಂಡು ನಡೆಯುವವರು ಟ್ರೆಡ್‌ಮಿಲ್ಲನ್ನು ದೂರುವುದರಲ್ಲಿ ಅರ್ಥವಿಲ್ಲ. ಮನೆಯಲ್ಲೇ ನಿಂತಲ್ಲಿ ತುಳಿಯುವ ಮ್ಯಾಗ್ನೆಟಿಕ್ ಸೈಕಲ್ಲಿಗಂತೂ ಲೆಕ್ಕವೇ ಬೇಡ, ಅದರ ಡಿಸ್‌ಪ್ಲೇಗೆ ಎರಡು ಪೆನ್ಸಿಲ್ ಸೆಲ್ ಸಾಕು.

ಕರ್ನಾಟಕದಲ್ಲಿ ನಿಜವಾದ ಖರ್ಚು ಅಡಗಿರುವುದು ಗೃಹಜ್ಯೋತಿಯ ಗೆರೆಯಲ್ಲಿ. 2022–23ರ ತಿಂಗಳ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇ 10 ಸೇರಿಸಿದ ಮಿತಿಯವರೆಗೆ ವಿದ್ಯುತ್ ಉಚಿತ. ಸರಾಸರಿ 150 ಇದ್ದ ಮನೆಗೆ 165 ಉಚಿತ. ಟ್ರೆಡ್‌ಮಿಲ್ ಸೇರಿ 173 ಆದರೆ ಆ 8 ಯೂನಿಟ್ಟಿಗಷ್ಟೇ ದುಡ್ಡು. ಆದರೆ ತಿಂಗಳ ಬಳಕೆ 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. 195 ಖರ್ಚಾಗುವ ಮನೆಯಲ್ಲಿ ಅದೇ 8 ಯೂನಿಟ್ಟಿನ ಬೆಲೆ ಸಾವಿರ ರೂಪಾಯಿಗೂ ಮೇಲೆ. ಅಂಥವರು ಯಂತ್ರ ಕೊಳ್ಳುವ ಮುನ್ನ ಏಪ್ರಿಲ್, ಮೇ ತಿಂಗಳ ಬಿಲ್ ತೆಗೆದು ನೋಡಲಿ. ಬೇಸಿಗೆಯಲ್ಲಿ ಫ್ಯಾನುಗಳೇ ಆ ಗೆರೆಯ ಹತ್ತಿರ ತಂದಿರುತ್ತವೆ.